ಹಾಸಿಗೆಯ ಬಳಿ ನಿಂತವರ ಮಾತು

ಬೆಳಿಗ್ಗೆ ಎಂಟು ಗಂಟೆಯ ಹೊತ್ತಿಗೆ ತೊಕ್ಕೊಟ್ಟಿನಲ್ಲಿ ಬಸ್ಸಿಗೆ ಕಾದು ನಿಂತವರನ್ನು ಗಮನಿಸಿದರೆ ಈ ಕಡೆಯ ಇಂದಿನ ಮುಖ್ಯ ಕಸುಬು ಯಾವುದೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಬಿಳಿ ಕೋಟನ್ನು ಕೈಮೇಲೆ ಹಾಕಿಕೊಂಡ ವೈದ್ಯ ವಿದ್ಯಾರ್ಥಿಗಳು, ಸಮವಸ್ತ್ರ ತೊಟ್ಟ ನರ್ಸಿಂಗ್ ವಿದ್ಯಾರ್ಥಿನಿಯರು, ರಾತ್ರಿ ಪಾಳಿ ಮುಗಿಸಿ ಮನೆಗೆ ಹೊರಟ ದಾದಿಯರು, ಬುತ್ತಿ ಚೀಲ ಹಿಡಿದ ಆಯಾಗಳು, ಎಕ್ಸ್‌ರೇ ಲಕೋಟೆ ಹಿಡಿದ ರೋಗಿಗಳ ಸಂಬಂಧಿಕರು. ಮಂಗಳೂರಿನಿಂದ ನೇತ್ರಾವತಿ ಸೇತುವೆ ದಾಟಿ ಬರುವ ಹೆದ್ದಾರಿ ಇಲ್ಲಿಂದ ಮುಂದೆ ಕಾಸರಗೋಡಿನ ಕಡೆಗೆ ಸಾಗಿದರೆ, ಎಡಕ್ಕೆ ಹೊರಳುವ ರಸ್ತೆ ದೇರಳಕಟ್ಟೆಗೆ ಹೋಗುತ್ತದೆ. 1999ರಲ್ಲಿ ಅಲ್ಲಿ ಕೆ.ಎಸ್. ಹೆಗ್ಡೆ ಮತ್ತು ಯೇನೆಪೋಯ ವೈದ್ಯಕೀಯ ಕಾಲೇಜುಗಳು ಆರಂಭವಾದವು. ಆಮೇಲೆ ಸಮೀಪದ ನಾಟೆಕಲ್ಲಿನಲ್ಲಿ ಕಣಚೂರು ಕಾಲೇಜೂ ಬಂತು. ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಇಷ್ಟು ಬೋಧನಾ ಆಸ್ಪತ್ರೆಗಳಿರುವ ಊರು ನಾಡಿನಲ್ಲಿ ಅಪರೂಪ.

ಈ ಬಸ್ಸು ಹತ್ತುವವರೆಲ್ಲ ಸೇರಿಯೇ ಆಸ್ಪತ್ರೆಯನ್ನು ನಡೆಸುತ್ತಾರೆ. ಆದರೆ ಅದು ಹೇಗೆ ನಡೆಯಬೇಕು ಎಂಬುದನ್ನು ತೀರ್ಮಾನಿಸುವಾಗ ಇವರಲ್ಲಿ ಎಷ್ಟು ಮಂದಿಯ ಮಾತಿಗೆ ಬೆಲೆ ಇದೆ? ಒಂದು ವಾರ್ಡಿಗೆ ರಾತ್ರಿ ಎಷ್ಟು ದಾದಿಯರು ಬೇಕು, ಯಾವ ಕೈಗವಸು ಕೊಳ್ಳಬೇಕು, ಸೋಂಕು ಹಬ್ಬಿದಾಗ ಯಾವ ಕೋಣೆಯನ್ನು ಬೇರ್ಪಡಿಸಬೇಕು ಎಂಬಂಥ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು? ಈ ತೀರ್ಮಾನಗಳಲ್ಲಿ ವೈದ್ಯರು, ದಾದಿಯರು, ತಂತ್ರಜ್ಞರು, ಪರಿಚಾರಕರು ಪಾಲುಗೊಳ್ಳುವ ಕ್ರಮಕ್ಕೆ 'ಸಹಭಾಗಿ ಆಡಳಿತ' ಎನ್ನಬಹುದು. ಹೆಸರು ಹೊಸದಾಗಿ ಕಂಡರೂ ಪ್ರಶ್ನೆ ಹಳೆಯದು. ಮಂಗಳೂರಿನ ಆಸ್ಪತ್ರೆಗಳ ಚರಿತ್ರೆಯನ್ನು ಈ ಒಂದು ಪ್ರಶ್ನೆಯೊಂದಿಗೆ ನೋಡಿದರೆ ಕುತೂಹಲದ ಸಂಗತಿಯೊಂದು ಹೊಳೆಯುತ್ತದೆ. ಸರ್ಕಾರ, ಧರ್ಮಸಂಸ್ಥೆ, ಕಾಲೇಜು ಇವು ಆಸ್ಪತ್ರೆಯ ಅಧಿಕಾರವನ್ನು ತಮ್ಮತಮ್ಮೊಳಗೆ ಹಂಚಿಕೊಳ್ಳಲು ಬೇಗನೆ ಕಲಿತವು. ಹಾಸಿಗೆಯ ಪಕ್ಕದಲ್ಲಿ ನಿಂತವರಿಗೆ ಅದರಲ್ಲಿ ಪಾಲು ಕೊಡುವ ಮಾತು ಮಾತ್ರ ಕೊನೆಗೆ ಬಂತು.

ಆಲದ ಮರದ ಕೆಳಗೆ

ಮೊದಲಿಗೆ ಕಂಕನಾಡಿಗೆ ಹೋಗೋಣ. ಜರ್ಮನಿಯಲ್ಲಿ ಹುಟ್ಟಿದ ಯೇಸುಸಭೆಯ ಪಾದ್ರಿ ಅಗಸ್ಟಸ್ ಮುಲ್ಲರ್ 1878ರ ಕೊನೆಯಲ್ಲಿ ಮಂಗಳೂರಿಗೆ ಬಂದರು. ಸಂತ ಅಲೋಶಿಯಸ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರು ಬಿಡುವಿನಲ್ಲಿ ಹೋಮಿಯೊಪಥಿ ಗುಳಿಗೆ ಕೊಡತೊಡಗಿದರು. 1880ರಲ್ಲಿ ಕಂಕನಾಡಿಯ ಒಂದು ಆಲದ ಮರದ ಕೆಳಗೆ ಅವರ ಚಿಕಿತ್ಸೆ ನಡೆಯುತ್ತಿತ್ತು. ಅಲ್ಲಿಂದ ಬೆಳೆದದ್ದೇ ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ. 1890ರಲ್ಲಿ ಕುಷ್ಠರೋಗಿಗಳಿಗೆ ಆಶ್ರಯಧಾಮ, 1902ರಲ್ಲಿ ಪ್ಲೇಗ್ ರೋಗಿಗಳಿಗೆ ಪ್ರತ್ಯೇಕ ಆಸ್ಪತ್ರೆ ಸೇರಿಕೊಂಡವು. ಅಂಚೆಯ ಮೂಲಕ ದೂರದೂರದ ಊರುಗಳಿಗೆ ಔಷಧ ಕಳಿಸಿ ಬಂದ ಹಣವೇ ಬಡವರ ಚಿಕಿತ್ಸೆಗೆ ಆಧಾರವಾಗಿತ್ತು.

ಇಂಥ ಆಸ್ಪತ್ರೆಯ ಆಡಳಿತ ಹೇಗಿರುತ್ತದೆ ಎಂದು ಕೇಳಬೇಕಾಗಿಲ್ಲ. ಔಷಧ ಕೊಡುವವರು, ಹಣ ಹೊಂದಿಸುವವರು, ಕಟ್ಟಡ ಕಟ್ಟಿಸುವವರು ಎಲ್ಲವೂ ಒಬ್ಬರೇ. ಮನೆಯ ಯಜಮಾನ ಸಂಸಾರವನ್ನು ನಡೆಸಿದ ಹಾಗೆ ಅದು ನಡೆಯುತ್ತದೆ. ಅದರಲ್ಲಿ ಅಕ್ಕರೆ ಇದೆ, ತ್ಯಾಗ ಇದೆ, ತೀರ್ಮಾನ ಬೇಗ ಆಗುತ್ತದೆ. ಮುಲ್ಲರ್ 1910ರ ನವೆಂಬರ್ 1ರಂದು ತೀರಿಕೊಂಡರು. ಯಜಮಾನ ಹೋದ ಮೇಲೂ ಮನೆ ಉಳಿಯಬೇಕಾದರೆ ಅದು ಸಂಸ್ಥೆಯಾಗಬೇಕು. ಆ ಆಸ್ಪತ್ರೆ ಮಂಗಳೂರು ಧರ್ಮಪ್ರಾಂತ್ಯದ ಆಶ್ರಯದಲ್ಲಿ ಬೆಳೆಯಿತು. ಬಿಷಪರು ಅಧ್ಯಕ್ಷರು, ಪಾದ್ರಿಯೊಬ್ಬರು ನಿರ್ದೇಶಕರು ಎಂಬ ವ್ಯವಸ್ಥೆ ಅಲ್ಲಿ ನೆಲೆಗೊಂಡಿತು. ಮಿಷನ್ ಆಸ್ಪತ್ರೆಗಳ ಸಾಮಾನ್ಯ ಮಾದರಿ ಇದು. ಸ್ವಿಸ್ ವೈದ್ಯೆ ಈವಾ ಲೊಂಬಾರ್ಡ್ 1923ರಲ್ಲಿ ಉಡುಪಿಯಲ್ಲಿ ಬಾಸೆಲ್ ಮಿಷನ್ನಿನ ಕೆಲಸವಾಗಿ ಆರಂಭಿಸಿದ ಆಸ್ಪತ್ರೆಯೂ ಹೀಗೆಯೇ ಒಬ್ಬರ ಶ್ರಮದಿಂದ ಬೇರೂರಿ ಸಭೆಯ ಆಸರೆಯಲ್ಲಿ ಉಳಿಯಿತು. ಇಂಥ ಕಡೆಗಳಲ್ಲಿ ಶುಶ್ರೂಷೆ ಎಂಬುದು ಉದ್ಯೋಗಕ್ಕಿಂತ ಮೊದಲು ವ್ರತವಾಗಿತ್ತು. ವ್ರತ ಹಿಡಿದವರು ವಿಧೇಯತೆಯ ಮಾತು ಕೊಟ್ಟಿರುತ್ತಾರೆ. ಪಾಲು ಕೇಳುವ ಪ್ರಶ್ನೆ ಅಲ್ಲಿ ಏಳುವಂತಿರಲಿಲ್ಲ.

ಮೆಟ್ಟಿಲುಗಳ ಆಸ್ಪತ್ರೆ

ಸರ್ಕಾರದ ಆಸ್ಪತ್ರೆಯ ಕಥೆ ಬೇರೆ. ಹಂಪನಕಟ್ಟೆಯ ಬಳಿಯ ವೆನ್ಲಾಕ್ ಆಸ್ಪತ್ರೆಯ ಮೂಲ 1848ಕ್ಕೆ, ಈಸ್ಟ್ ಇಂಡಿಯಾ ಕಂಪನಿಯ ಕಾಲಕ್ಕೆ ಹೋಗುತ್ತದೆ. 1891ರಿಂದ 1896ರವರೆಗೆ ಮದ್ರಾಸಿನ ಗವರ್ನರ್ ಆಗಿದ್ದ ಲಾರ್ಡ್ ವೆನ್ಲಾಕ್ ಅವರ ಹೆಸರು ಅದಕ್ಕೆ ಆಮೇಲೆ ಬಂತು. ಹೆಂಗಸರ ಮತ್ತು ಮಕ್ಕಳ ಆಸ್ಪತ್ರೆಗೆ ಮತ್ತೊಬ್ಬ ಗವರ್ನರರ ಪತ್ನಿ ಲೇಡಿ ಗೋಷನ್ ಹೆಸರು. ಆಗ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತಾದ್ದರಿಂದ ಆಸ್ಪತ್ರೆಯ ಕಾಗದಪತ್ರಗಳೆಲ್ಲ ಮದ್ರಾಸಿಗೆ ಹೋಗಿ ಬರಬೇಕಿತ್ತು.

ಇಲ್ಲಿ ಯಜಮಾನನ ಬದಲು ಮೆಟ್ಟಿಲುಗಳಿದ್ದವು. ಮೇಲೆ ಜಿಲ್ಲಾ ವೈದ್ಯಾಧಿಕಾರಿ, ಅವರ ಕೆಳಗೆ ವೈದ್ಯರು, ಕಾಂಪೌಂಡರು, ದಾದಿ, ವಾರ್ಡ್‌ಬಾಯ್, ತೋಟಿ. ಆಜ್ಞೆ ಮೇಲಿನಿಂದ ಕೆಳಗೆ ಇಳಿಯುತ್ತಿತ್ತು, ವರದಿ ಕೆಳಗಿನಿಂದ ಮೇಲಕ್ಕೆ ಏರುತ್ತಿತ್ತು. ಈ ಮೆಟ್ಟಿಲುಗಳ ಸಾಲಿನಲ್ಲಿ ದಾದಿಗೆ ಪ್ರತ್ಯೇಕ ಸ್ಥಾನ ಬೇಕೆಂದು ಮೊದಲು ಹಟ ಹಿಡಿದವರು ಫ್ಲಾರೆನ್ಸ್ ನೈಟಿಂಗೇಲ್. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಶಾಲೆ ಆರಂಭವಾಯಿತು. ದಾದಿಯರ ಶಿಸ್ತು, ಕೆಲಸದ ಹಂಚಿಕೆ, ವಸತಿ ಇವುಗಳ ಮೇಲಿನ ಅಧಿಕಾರ ವೈದ್ಯರ ಕೈಯಲ್ಲಿರದೆ ಮೇಟ್ರನ್ ಕೈಯಲ್ಲಿರಬೇಕು ಎಂಬುದು ಅವರ ನಿಲುವು. ದಾದಿಯರ ಮಟ್ಟಿಗೆ ಇದು ಸ್ವರಾಜ್ಯವೇ ಸರಿ. ಆದರೆ ಅದು ಮೇಟ್ರನ್ನಳ ಸ್ವರಾಜ್ಯವಾಗಿತ್ತು, ವಾರ್ಡಿನಲ್ಲಿ ಕೆಲಸ ಮಾಡುವ ದಾದಿಯದಲ್ಲ. ವೈದ್ಯರ ಮೆಟ್ಟಿಲುಗಳ ಪಕ್ಕದಲ್ಲಿ ದಾದಿಯರ ಮೆಟ್ಟಿಲುಗಳು ಎದ್ದವು, ಅಷ್ಟೆ.

ನಮ್ಮಲ್ಲಿ ಮದ್ರಾಸಿನ ಜನರಲ್ ಆಸ್ಪತ್ರೆಯಲ್ಲಿ 1871ರಲ್ಲಿ ದಾದಿಯರ ತರಬೇತಿ ಆರಂಭವಾಯಿತು. 1926ರ ಮದ್ರಾಸ್ ಕಾಯ್ದೆಯಿಂದ ದಾದಿಯರ ಮತ್ತು ಸೂಲಗಿತ್ತಿಯರ ಹೆಸರು ನೋಂದಾಯಿಸುವ ಕ್ರಮ ಬಂತು. ದಕ್ಷಿಣ ಕನ್ನಡಕ್ಕೂ ಅದು ಅನ್ವಯಿಸಿತು. ಶುಶ್ರೂಷೆಗೆ ವೃತ್ತಿಯ ಮುದ್ರೆ ಬಿದ್ದದ್ದು ಹೀಗೆ. ಆದರೆ ಎಣಿಕೆಯಲ್ಲಿ ದಾದಿಯರು ಬಹಳ ಕಡಿಮೆ. 1943ರಲ್ಲಿ ನೇಮಕವಾದ ಸರ್ ಜೋಸೆಫ್ ಭೋರ್ ಸಮಿತಿ 1946ರಲ್ಲಿ ಕೊಟ್ಟ ವರದಿಯಂತೆ ಅಂದಿನ ಭಾರತದಲ್ಲಿ ಸುಮಾರು 6,300 ಜನರಿಗೆ ಒಬ್ಬ ವೈದ್ಯನಿದ್ದರೆ, 43,000 ಜನರಿಗೆ ಒಬ್ಬಳು ದಾದಿ ಇದ್ದಳು. 1971ರ ಹೊತ್ತಿಗೆ 500 ಜನರಿಗೆ ಒಬ್ಬಳು ದಾದಿ ಇರಬೇಕೆಂದು ಸಮಿತಿ ಆಶಿಸಿತು. ವೈದ್ಯರಿಗಿಂತ ದಾದಿಯರೇ ವಿರಳವಾಗಿದ್ದ ದೇಶದಲ್ಲಿ ಅವರ ಮಾತೂ ವಿರಳವಾಗಿದ್ದುದರಲ್ಲಿ ಆಶ್ಚರ್ಯವಿಲ್ಲ.

ಒಂದೇ ಸೂರಿನಡಿ ಇಬ್ಬರು ಯಜಮಾನರು

ಮಂಗಳೂರು ಇಡೀ ದೇಶಕ್ಕೆ ಹೊಸದಾದ ಒಂದು ಪ್ರಯೋಗಕ್ಕೆ ಕೈಹಾಕಿದ್ದು ಸ್ವಾತಂತ್ರ್ಯಾನಂತರ. ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಮಣಿಪಾಲದಲ್ಲಿ ಕಸ್ತೂರ್‌ಬಾ ವೈದ್ಯಕೀಯ ಕಾಲೇಜು ಸ್ಥಾಪಿಸಿದರು. ಸರ್ಕಾರದ ಹಣವನ್ನು ನೆಚ್ಚದೆ ತನ್ನ ಖರ್ಚನ್ನು ತಾನೇ ಹೊಂದಿಸಿಕೊಳ್ಳುವ ವೈದ್ಯಕೀಯ ಕಾಲೇಜು ಎಂಬುದೇ ಆಗ ನಂಬಲಾಗದ ಮಾತು. ಕಟ್ಟಡ ಕಟ್ಟಬಹುದು, ಅಧ್ಯಾಪಕರನ್ನು ಕರೆತರಬಹುದು, ಆದರೆ ವಿದ್ಯಾರ್ಥಿಗಳು ಕಲಿಯಲು ರೋಗಿಗಳು ಬೇಕಲ್ಲ? ಅದಕ್ಕೆ ಕಂಡ ದಾರಿ ಮಂಗಳೂರಿನ ಸರ್ಕಾರಿ ಆಸ್ಪತ್ರೆಗಳು. 1955ರಿಂದ ವೆನ್ಲಾಕ್ ಮತ್ತು ಲೇಡಿ ಗೋಷನ್ ಆಸ್ಪತ್ರೆಗಳು ಆ ಕಾಲೇಜಿನ ಬೋಧನೆಗೆ ತೆರೆದುಕೊಂಡವು. 1956ರ ನವೆಂಬರ್ 1ರಂದು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೂ ಆ ನಂಟು ಉಳಿಯಿತು. ಸರ್ಕಾರ ಮತ್ತು ಖಾಸಗಿಯವರ ಪಾಲುದಾರಿಕೆ ಎಂದು ಈಗ ದೊಡ್ಡದಾಗಿ ಹೇಳುವ ಪದ್ಧತಿಗೆ ಇಲ್ಲಿ ಅರ್ಧ ಶತಮಾನ ಮೊದಲೇ ಬೀಜ ಬಿದ್ದಿತ್ತು.

ಈ ಏರ್ಪಾಡಿನಿಂದ ಆದ ಪ್ರಯೋಜನ ಸಣ್ಣದಲ್ಲ. ಸರ್ಕಾರಕ್ಕೆ ಸಂಬಳ ಕೊಟ್ಟು ತರಲಾಗದ ತಜ್ಞರು ಬಡರೋಗಿಗಳಿಗೆ ದೊರೆತರು. ಕಾಲೇಜಿಗೆ ಕಲಿಸುವ ವಾರ್ಡುಗಳು ಸಿಕ್ಕವು. ಆದರೆ ನಮ್ಮ ಪ್ರಶ್ನೆಯ ದೃಷ್ಟಿಯಿಂದ ನೋಡಿದರೆ ಇನ್ನೊಂದು ಮುಖವೂ ಇದೆ. ಕಟ್ಟಡ ಮತ್ತು ಆಡಳಿತ ಸರ್ಕಾರದ್ದು, ರೌಂಡ್ಸಿಗೆ ಬರುವ ಹಿರಿಯ ವೈದ್ಯರು ಕಾಲೇಜಿನವರು. ಹೀಗೆ ಎರಡು ಸಂಸ್ಥೆಗಳು ಸೇರಿ ನಡೆಸುವ ಯಾವುದೇ ವಾರ್ಡನ್ನು ಕಲ್ಪಿಸಿಕೊಳ್ಳಿ. ಔಷಧ ಬರೆಯುವವರು ಒಬ್ಬರು, ಅದನ್ನು ತರಿಸುವ ಇಂಡೆಂಟಿಗೆ ಸಹಿ ಹಾಕುವವರು ಇನ್ನೊಬ್ಬರು. ಔಷಧ ಸ್ಟಾಕಿನಲ್ಲಿ ಇಲ್ಲವೆಂದು ರೋಗಿಯ ಮನೆಯವರಿಗೆ ಹೇಳಬೇಕಾದವಳು ಮಾತ್ರ ದಾದಿ. ಇಬ್ಬರು ಯಜಮಾನರ ನಡುವಿನ ಒಪ್ಪಂದ ಕಾಗದದ ಮೇಲೆ ಎಷ್ಟೇ ಚೆನ್ನಾಗಿರಲಿ, ದಿನದಿನವೂ ಅದನ್ನು ನಡೆಸಿಕೊಂಡು ಹೋಗುವವರು ಕೆಳಗಿನ ಮೆಟ್ಟಿಲಿನವರು. ಮೇಲಿನವರು ಅಧಿಕಾರ ಹಂಚಿಕೊಂಡರೆ ಕೆಳಗಿನವರಿಗೂ ಪಾಲು ಸಿಕ್ಕಿತು ಎಂದು ಅರ್ಥವಲ್ಲ ಎಂಬ ಪಾಠ ಇಲ್ಲಿದೆ.

ನೀರಿನ ಮೊಕದ್ದಮೆ, ಆಸ್ಪತ್ರೆಯ ತೀರ್ಪು

ಹಾಗಾದರೆ ಕೆಳಗಿನವರ ಪಾಲಿನ ಬಗ್ಗೆ ಕಾನೂನು ಏನೂ ಹೇಳಲಿಲ್ಲವೆ? ಹೇಳಿತು, ಆದರೆ ಸುತ್ತುದಾರಿಯಲ್ಲಿ. 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಪ್ರಕಾರ 100 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ 'ಕಾರ್ಯಸಮಿತಿ'ಯೊಂದನ್ನು ರಚಿಸುವಂತೆ ಸರ್ಕಾರ ಆದೇಶಿಸಬಹುದಿತ್ತು. ಅದರಲ್ಲಿ ಕಾರ್ಮಿಕರ ಪ್ರತಿನಿಧಿಗಳು ಮಾಲೀಕರ ಪ್ರತಿನಿಧಿಗಳಿಗಿಂತ ಕಡಿಮೆ ಇರುವಂತಿರಲಿಲ್ಲ. 1976ರ 42ನೇ ತಿದ್ದುಪಡಿ ಸಂವಿಧಾನಕ್ಕೆ 43ಎ ವಿಧಿಯನ್ನು ಸೇರಿಸಿತು. ಕೈಗಾರಿಕೆಯಲ್ಲಿ ತೊಡಗಿದ ಸಂಸ್ಥೆಗಳ ಆಡಳಿತದಲ್ಲಿ ಕಾರ್ಮಿಕರು ಪಾಲ್ಗೊಳ್ಳುವಂತೆ ರಾಜ್ಯವು ಕ್ರಮ ಕೈಗೊಳ್ಳಬೇಕೆಂಬುದು ಅದರ ಆಶಯ.

ಆದರೆ ಆಸ್ಪತ್ರೆ ಒಂದು ಕೈಗಾರಿಕೆಯೆ? ಸುಪ್ರೀಂ ಕೋರ್ಟು 1960ರಲ್ಲಿ ಮುಂಬೈಯ ಮೊಕದ್ದಮೆಯೊಂದರಲ್ಲಿ ಹೌದು ಎಂದಿತು. 1970ರಲ್ಲಿ ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯ ಮೊಕದ್ದಮೆಯಲ್ಲಿ ಅಲ್ಲ ಎಂದಿತು. ಈ ಗೊಂದಲವನ್ನು ಬಗೆಹರಿಸಿದ್ದು ನಮ್ಮ ರಾಜ್ಯದ ಒಂದು ಮೊಕದ್ದಮೆ. ಅದು ಆಸ್ಪತ್ರೆಯದಲ್ಲ, ಬೆಂಗಳೂರು ನೀರು ಸರಬರಾಜು ಮಂಡಳಿಯ ನೌಕರರದ್ದು ಎಂಬುದೇ ಸ್ವಾರಸ್ಯ. 1978ರ ಫೆಬ್ರವರಿಯಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಮುಖ್ಯ ತೀರ್ಪನ್ನು ಬರೆದವರು ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್. ಮಾಲೀಕರು ಮತ್ತು ನೌಕರರು ಕೂಡಿ ಕ್ರಮಬದ್ಧವಾಗಿ ಜನರಿಗೆ ಬೇಕಾದ ವಸ್ತುವನ್ನೋ ಸೇವೆಯನ್ನೋ ಒದಗಿಸುವ ಕಡೆ ಕೈಗಾರಿಕೆ ಇದೆ, ಲಾಭದ ಉದ್ದೇಶ ಇರಲೇಬೇಕೆಂದಿಲ್ಲ ಎಂದು ಅದು ಸಾರಿತು. ಆಸ್ಪತ್ರೆಗಳೂ ಆ ವ್ಯಾಪ್ತಿಗೆ ಬಂದವು.

ಹೀಗೆ ಆಸ್ಪತ್ರೆಯ ನೌಕರರಿಗೆ ಆಡಳಿತದಲ್ಲಿ ಪಾಲು ಎಂಬ ಮಾತಿಗೆ ಕಾನೂನಿನ ಬುನಾದಿ ಸಿಕ್ಕಿತು. ಆದರೆ ಕಾರ್ಯಸಮಿತಿಗಳ ಕೆಲಸ ಹೆಚ್ಚಾಗಿ ರಜೆ, ಕ್ಯಾಂಟೀನು, ಕುಂದುಕೊರತೆಗಳ ಸುತ್ತ ಸುತ್ತುವಂಥದು. ರೋಗಿಯ ಆರೈಕೆ ಹೇಗಿರಬೇಕು ಎಂಬ ವಿಷಯ ಅದರ ಎಲ್ಲೆಯ ಹೊರಗೆ. 2020ರಲ್ಲಿ ಸಂಸತ್ತು ಒಪ್ಪಿ 2025ರ ನವೆಂಬರಿನಲ್ಲಿ ಜಾರಿಗೆ ಬಂದ ಔದ್ಯೋಗಿಕ ಸಂಬಂಧಗಳ ಸಂಹಿತೆ ಕಾರ್ಯಸಮಿತಿಯನ್ನು ಉಳಿಸಿಕೊಂಡಿದೆ. ಆದರೆ ದಾನಧರ್ಮ, ಸಮಾಜಸೇವೆಗಳಲ್ಲಿ ಮುಖ್ಯವಾಗಿ ತೊಡಗಿದ ಸಂಘಟನೆಗಳು ನಡೆಸುವ ಸಂಸ್ಥೆಗಳನ್ನು 'ಕೈಗಾರಿಕೆ'ಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಟ್ರಸ್ಟುಗಳು ನಡೆಸುವ ಆಸ್ಪತ್ರೆಗಳೇ ಹೆಚ್ಚಾಗಿರುವ ಕರಾವಳಿಯಂಥ ಕಡೆಗಳಲ್ಲಿ ಈ ಒಂದು ಸಾಲಿನ ಅರ್ಥ ಏನಾದೀತೆಂಬುದು ನೌಕರರಿಗೆ ಸಣ್ಣ ಪ್ರಶ್ನೆಯಲ್ಲ.

ಅಮೆರಿಕದಲ್ಲಿ ಕಂಡ ಗುಟ್ಟು

ಹಕ್ಕಿನ ದಾರಿಯಿಂದ ಅಲ್ಲದೆ ಬೇರೊಂದು ದಾರಿಯಿಂದ ಇದೇ ವಿಚಾರಕ್ಕೆ ಬಂದವರು ಅಮೆರಿಕದ ದಾದಿಯರು. 1980ರ ಹೊತ್ತಿಗೆ ಅಲ್ಲಿ ದಾದಿಯರ ಕೊರತೆ ಬಹಳವಾಗಿತ್ತು. ಎಲ್ಲ ಕಡೆ ದಾದಿಯರು ಕೆಲಸ ಬಿಟ್ಟು ಹೋಗುತ್ತಿದ್ದರೂ ಕೆಲವು ಆಸ್ಪತ್ರೆಗಳಲ್ಲಿ ಮಾತ್ರ ನಿಲ್ಲುತ್ತಿದ್ದರು. ಏಕೆ? ಅಮೆರಿಕದ ಶುಶ್ರೂಷಾ ಅಕಾಡೆಮಿ 163 ಆಸ್ಪತ್ರೆಗಳನ್ನು ಪರಿಶೀಲಿಸಿ, ಅಂಥ 41 ಆಸ್ಪತ್ರೆಗಳನ್ನು ಆರಿಸಿ 1983ರಲ್ಲಿ ವರದಿ ಪ್ರಕಟಿಸಿತು. ದಾದಿಯರನ್ನು ಅಯಸ್ಕಾಂತದಂತೆ ಸೆಳೆದು ಹಿಡಿದಿಡುವುದರಿಂದ ಅವುಗಳಿಗೆ 'ಮ್ಯಾಗ್ನೆಟ್' ಎಂದೇ ಹೆಸರಾಯಿತು. ಅಲ್ಲಿ ಕಂಡ ಗುಣಗಳಲ್ಲಿ ಮುಖ್ಯವಾದದ್ದು, ದಾದಿಯರಿಗೆ ತಮ್ಮ ಕೆಲಸದ ಬಗ್ಗೆ ತೀರ್ಮಾನಿಸುವ ಅವಕಾಶ. ಮರುವರ್ಷವೇ ಟಿಮ್ ಪೋರ್ಟರ್-ಒ'ಗ್ರೇಡಿ ಮತ್ತು ಶ್ಯಾರನ್ ಫಿನಿಗನ್ ಶುಶ್ರೂಷೆಯಲ್ಲಿ ಸಹಭಾಗಿ ಆಡಳಿತದ ಬಗ್ಗೆ ಪುಸ್ತಕವನ್ನೇ ಬರೆದರು. ಪ್ರತಿ ವಾರ್ಡಿನ ದಾದಿಯರೇ ಆರಿಸಿದ ಪ್ರತಿನಿಧಿಗಳ ಮಂಡಳಿಗಳು ಶುಶ್ರೂಷೆಯ ಕ್ರಮ, ಗುಣಮಟ್ಟ, ತರಬೇತಿಗಳನ್ನು ತೀರ್ಮಾನಿಸುವುದು ಆ ಪದ್ಧತಿಯ ತಿರುಳು.

ಇದರಿಂದ ರೋಗಿಗೇನು ಲಾಭ? 1994ರಲ್ಲಿ ಲಿಂಡಾ ಐಕನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಹೋಲಿಕೆಯ ಇತರ ಆಸ್ಪತ್ರೆಗಳಿಗಿಂತ ಈ ಆಸ್ಪತ್ರೆಗಳಲ್ಲಿ ಸಾವಿನ ಪ್ರಮಾಣ ಶೇಕಡಾ 5ಕ್ಕೆ ಸಮೀಪದಷ್ಟು ಕಡಿಮೆ ಕಂಡುಬಂತು. ಇನ್ನೂ ಸ್ಪಷ್ಟವಾದ ನಿದರ್ಶನ ಮಿಶಿಗನ್ ರಾಜ್ಯದ್ದು. ತೀವ್ರ ನಿಗಾ ಘಟಕದಲ್ಲಿ ರೋಗಿಯ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕುವಾಗ ಸೋಂಕು ತಗಲುವುದುಂಟು. ಅದನ್ನು ತಡೆಯಲು ಡಾ. ಪೀಟರ್ ಪ್ರೊನೊವೊಸ್ಟ್ ಐದು ಅಂಶಗಳ ಒಂದು ಪಟ್ಟಿ ಮಾಡಿದರು. ಕೈ ತೊಳೆಯುವುದು ಅದರಲ್ಲಿ ಮೊದಲನೆಯದು. ಪಟ್ಟಿಯಲ್ಲಿ ಹೊಸದೇನೂ ಇರಲಿಲ್ಲ. ವೈದ್ಯರು ಒಂದು ಹಂತವನ್ನು ಬಿಟ್ಟರೆ ದಾದಿ ಅವರನ್ನು ತಡೆದು ನಿಲ್ಲಿಸಬಹುದು, ಆಡಳಿತ ಅವಳ ಬೆನ್ನಿಗೆ ನಿಲ್ಲುತ್ತದೆ ಎಂಬುದೇ ಹೊಸದು. ನೂರಕ್ಕೂ ಮಿಕ್ಕಿದ ಘಟಕಗಳಿಂದ ಬಂದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸೋಂಕು ಶೇಕಡಾ 66ರವರೆಗೆ ಇಳಿದಿತ್ತು. ದಾದಿ ಬಾಯಿ ತೆರೆಯಬಹುದೆ ಎಂಬುದು ಮಾನ ಮರ್ಯಾದೆಯ ಪ್ರಶ್ನೆ ಮಾತ್ರವಲ್ಲ, ರೋಗಿಯ ಜೀವದ ಪ್ರಶ್ನೆ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ನಮ್ಮ ಸಮಿತಿಗಳು

ನಮ್ಮಲ್ಲಿ ಸಮಿತಿಗಳಿಗೆ ಬರವಿಲ್ಲ. ಸೂರತ್ತಿನ ಪ್ಲೇಗ್ ಭೀತಿಯ ಕಾಲದಲ್ಲಿ, 1994-95ರಲ್ಲಿ, ಮಧ್ಯಪ್ರದೇಶದ ಇಂದೋರಿನ ಸರ್ಕಾರಿ ಆಸ್ಪತ್ರೆಯಲ್ಲಿ ಹುಟ್ಟಿದ 'ರೋಗಿ ಕಲ್ಯಾಣ ಸಮಿತಿ' 2005ರ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಮೂಲಕ ದೇಶಕ್ಕೆಲ್ಲ ಹಬ್ಬಿತು. ಕರ್ನಾಟಕದಲ್ಲಿ ಅದು 'ಆರೋಗ್ಯ ರಕ್ಷಾ ಸಮಿತಿ'. ಜನಪ್ರತಿನಿಧಿಗಳು, ಅಧಿಕಾರಿಗಳು, ವೈದ್ಯರು, ಊರಿನ ಗಣ್ಯರು ಸೇರಿ ಆಸ್ಪತ್ರೆಯ ಬಳಕೆದಾರರ ಶುಲ್ಕ, ದುರಸ್ತಿ, ಸಲಕರಣೆಗಳ ಬಗ್ಗೆ ತೀರ್ಮಾನಿಸುವ ಸಭೆ ಇದು. ಹತ್ತು ಸಮಸ್ತರು ಸೇರಿ ಮಾತಾಡಿ ತೀರ್ಮಾನಿಸುವುದು ನಮ್ಮ ಕಡೆ ದೇವಸ್ಥಾನದ ಜಾತ್ರೆಗೂ ಮಸೀದಿಯ ಜಮಾಅತಿಗೂ ಇಗರ್ಜಿಯ ಹಬ್ಬಕ್ಕೂ ರೂಢಿಯಾದದ್ದೇ. ಆಸ್ಪತ್ರೆಯ ಬಾಗಿಲನ್ನು ಊರಿಗೆ ತೆರೆದದ್ದು ಈ ಸಮಿತಿಯ ದೊಡ್ಡ ಗುಣ. ಆದರೆ ಅದು ಊರು ಮತ್ತು ಆಸ್ಪತ್ರೆಯ ನಡುವಿನ ಸೇತುವೆ. ವಾರ್ಡಿನ ಒಳಗಿನ ಮೆಟ್ಟಿಲುಗಳನ್ನು ಅದು ಮುಟ್ಟುವುದಿಲ್ಲ.

2005ರಲ್ಲೇ ಆಸ್ಪತ್ರೆಗಳ ಗುಣಮಟ್ಟಕ್ಕೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿಯೂ ಸ್ಥಾಪನೆಯಾಯಿತು. ಮಾನ್ಯತೆ ಬೇಕೆನ್ನುವ ಆಸ್ಪತ್ರೆ ಸೋಂಕು ನಿಯಂತ್ರಣ, ಔಷಧ, ಸುರಕ್ಷತೆಗಳಿಗೆ ಸಮಿತಿಗಳನ್ನು ಇಟ್ಟುಕೊಳ್ಳಬೇಕು. ದಾದಿಯರಿಗೆ ಆ ಮೇಜಿನ ಬಳಿ ಕುರ್ಚಿ ಸಿಗುತ್ತಿರುವುದು ಈ ದಾರಿಯಿಂದ. ಹೆಸರಿನಲ್ಲೂ ಬದಲಾವಣೆಯಾಗಿದೆ. ಕೇಂದ್ರ ಸರ್ಕಾರಿ ಆಸ್ಪತ್ರೆಗಳಲ್ಲಿ 2016ರಲ್ಲಿ 'ಸ್ಟಾಫ್ ನರ್ಸ್' ಎಂಬುದು 'ನರ್ಸಿಂಗ್ ಆಫೀಸರ್' ಎಂದಾಯಿತು. ಕರ್ನಾಟಕದಲ್ಲೂ ಮುಂದೆ 'ಶುಶ್ರೂಷಾಧಿಕಾರಿ' ಎಂಬ ಹೆಸರು ಬಂತು. 2023ರಲ್ಲಿ ಸಂಸತ್ತು 1947ರ ಶುಶ್ರೂಷಾ ಪರಿಷತ್ತಿನ ಕಾಯ್ದೆಯ ಜಾಗದಲ್ಲಿ ಹೊಸ ಆಯೋಗದ ಕಾಯ್ದೆಯನ್ನು ಅಂಗೀಕರಿಸಿತು.

ಹೆಸರಿನ ಅಧಿಕಾರ ಕೆಲಸಕ್ಕೆ ಬಂತೆ ಎಂದು ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಸಮಿತಿಯಲ್ಲಿ ಕುಳಿತ ದಾದಿಯನ್ನು ಅವಳ ಸಂಗಡಿಗರು ಆರಿಸಿದರೋ, ಮೇಲಿನವರು ಹೆಸರಿಸಿದರೋ? ರಾತ್ರಿ ಪಾಳಿಗೆ ಇನ್ನೊಬ್ಬಳು ಬೇಕೆಂದು ಅವಳು ಹೇಳಿದ್ದು ನಡವಳಿ ಪುಸ್ತಕದಲ್ಲಿ ದಾಖಲಾಯಿತೋ? ದಾಖಲಾದದ್ದಕ್ಕೆ ಮುಂದಿನ ಸಭೆಯೊಳಗೆ ಉತ್ತರ ಬಂತೋ? ತಪ್ಪನ್ನು ತೋರಿಸಿದವಳ ಮುಂದಿನ ತಿಂಗಳ ಡ್ಯೂಟಿ ಪಟ್ಟಿ ಮೊದಲಿನಂತೆಯೇ ಇತ್ತೋ? ಈ ನಾಲ್ಕಕ್ಕೂ ಒಳ್ಳೆಯ ಉತ್ತರವಿದ್ದರೆ ಅಲ್ಲಿ ಸಹಭಾಗಿ ಆಡಳಿತವಿದೆ. ಇಲ್ಲವಾದರೆ ಅಲ್ಲಿರುವುದು ಹಾಜರಿ ಪುಸ್ತಕ ಮಾತ್ರ.

ಪಾಲು ಎಂದರೆ ಬರೀ ಅಧಿಕಾರವಲ್ಲ, ಹೊಣೆಯೂ ಹೌದು ಎಂಬ ಮಾತನ್ನೂ ಮರೆಯಬಾರದು. ಎದೆ ಬಡಿತ ನಿಂತ ಗಳಿಗೆಯಲ್ಲಿ ಸಭೆ ಕರೆಯಲಾಗದು. ಅಲ್ಲಿ ಒಬ್ಬರು ಹೇಳಬೇಕು, ಉಳಿದವರು ಕೇಳಬೇಕು. ಹಂಚಿಕೊಳ್ಳಬೇಕಾದದ್ದು ಆ ಗಳಿಗೆಯ ಆಜ್ಞೆಯನ್ನಲ್ಲ, ಅದಕ್ಕೆ ಮೊದಲಿನ ಸಿದ್ಧತೆಯನ್ನು ಮತ್ತು ನಂತರದ ವಿಮರ್ಶೆಯನ್ನು. ಹೊಣೆಯ ಭಾರವನ್ನಂತೂ ಕೆಳಗಿನವರು ಎಂದಿನಿಂದಲೂ ಹೊತ್ತೇ ಇದ್ದಾರೆ. 2018ರ ಮೇ ತಿಂಗಳಲ್ಲಿ ನೆರೆಯ ಕೇರಳದ ಪೇರಾಂಬ್ರದಲ್ಲಿ ನಿಪಾ ರೋಗಿಯ ಆರೈಕೆ ಮಾಡಿದ ದಾದಿ ಲಿನಿ ಅದೇ ಸೋಂಕಿನಿಂದ ತೀರಿಕೊಂಡರು. ಎರಡು ವರ್ಷದೊಳಗೆ ಕೋವಿಡ್ ಬಂದಾಗ ವೆನ್ಲಾಕ್ ಆಸ್ಪತ್ರೆ ಕೋವಿಡ್ ಆಸ್ಪತ್ರೆಯಾಯಿತು. ಆ ವಾರ್ಡುಗಳಲ್ಲಿ ರೋಗಿಯ ಮನೆಯವರಿಗೂ ಪ್ರವೇಶವಿರಲಿಲ್ಲ. ಒಳಗೆ ಉಳಿದವರು ದಾದಿಯರು, ಪರಿಚಾರಕರು, ಕಿರಿಯ ವೈದ್ಯರು. ಅಪಾಯ ಹಂಚುವಾಗ ಪಾಲು ಮೊದಲು ತಲುಪಿದ್ದು ಇವರಿಗೇ. ತೀರ್ಮಾನ ಹಂಚುವಾಗ ಇವರನ್ನು ಕೊನೆಗೆ ನಿಲ್ಲಿಸುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ.

ತೊಕ್ಕೊಟ್ಟಿನಲ್ಲಿ ಬೆಳಿಗ್ಗೆ ಬಸ್ಸು ಹತ್ತುವ ನರ್ಸಿಂಗ್ ವಿದ್ಯಾರ್ಥಿನಿಗೆ ಕೆಲವೇ ವರ್ಷಗಳಲ್ಲಿ ಒಂದು ವಾರ್ಡಿನ ರಾತ್ರಿ ಪಾಳಿಯನ್ನು ಒಪ್ಪಿಸುತ್ತಾರೆ. ನಾವೋ ನಮ್ಮವರೋ ಅಲ್ಲಿ ಮಲಗಿರುತ್ತೇವೆ. ನಡುರಾತ್ರಿ ಔಷಧದ ಚೀಟಿಯಲ್ಲಿ ಏನೋ ತಪ್ಪಿದೆ ಎಂದು ಅವಳಿಗೆ ಅನಿಸಿದರೆ, ದೊಡ್ಡವರನ್ನು ಎಬ್ಬಿಸಿ ಕೇಳುವ ಧೈರ್ಯ ಅವಳಿಗೆ ಇರಬೇಕು. ಆ ಧೈರ್ಯವನ್ನು ಅವಳೊಬ್ಬಳೇ ತಂದುಕೊಳ್ಳಲಾರಳು. ಅದನ್ನು ಕೊಡಬೇಕಾದದ್ದು ಆಸ್ಪತ್ರೆಯ ವ್ಯವಸ್ಥೆ.